ನಿಷ್ಠೆಯೊಂದಿಗೆ ತಿಳಿವಳಿಕೆಯೂ ಬೇಕು

ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳ ಮಾತು ಬಂದೊಡನೆ ನಮ್ಮ ಮನೆಗಳಲ್ಲಿ ಮೌನ ಕವಿಯುತ್ತದೆ. ಅದು ದಾರಿ ತಪ್ಪಿದವರ ವಿಷಯ, ಭಾನುವಾರದ ಪೂಜೆಯನ್ನು ತಪ್ಪಿಸದ ಕುಟುಂಬಕ್ಕೆ ಅದರ ಗೊಡವೆಯೇಕೆ ಎಂಬ ಭಾವನೆ ಹಲವರಲ್ಲಿದೆ. ಈ ಭಾವನೆಯೇ ಅನೇಕ ಅಮಾಯಕರ ಪಾಲಿಗೆ ಮುಳುವಾಗಿದೆ.

1986ರಲ್ಲಿ ಮದರಾಸಿನಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರ ರಕ್ತದಲ್ಲಿ ಎಚ್‌ಐವಿ ಸೋಂಕು ಮೊದಲ ಬಾರಿಗೆ ಪತ್ತೆಯಾದಾಗ, ಇದು ಆ ವೃತ್ತಿಗಷ್ಟೇ ಸೀಮಿತವಾದ ಪಿಡುಗೆಂದು ಜನ ನಂಬಿದರು. ಆದರೆ ಮುಂದಿನ ವರ್ಷಗಳಲ್ಲಿ ಕಂಡುಬಂದುದೇನು? ಗಂಡನನ್ನಲ್ಲದೆ ಅನ್ಯರನ್ನರಿಯದ ಎಷ್ಟೋ ಗೃಹಿಣಿಯರು ಗಂಡನಿಂದಲೇ ಸೋಂಕು ಪಡೆದಿದ್ದರು. ಗರ್ಭಿಣಿಯಾಗಿ ಆಸ್ಪತ್ರೆಗೆ ಹೋದಾಗಲೇ ಹಲವರಿಗೆ ಅದು ತಿಳಿಯಿತು. ದಾಂಪತ್ಯ ನಿಷ್ಠೆ ರಕ್ಷಣೆ ನೀಡುವುದು ಇಬ್ಬರೂ ಅದನ್ನು ಪಾಲಿಸಿದಾಗ ಮಾತ್ರ. ಒಬ್ಬರ ಶೀಲ ಇನ್ನೊಬ್ಬರ ತಪ್ಪಿಗೆ ತಡೆಗೋಡೆಯಾಗಲಾರದು.

ವಿವಾಹಕ್ಕೆ ಮುಂಚೆ ಬ್ರಹ್ಮಚರ್ಯ, ನಂತರ ಪರಸ್ಪರ ನಿಷ್ಠೆ ಎಂಬ ಧರ್ಮಸಭೆಯ ಬೋಧನೆಯಲ್ಲಿ ಬದಲಾವಣೆ ಇಲ್ಲ. ಅದಕ್ಕಿಂತ ಭದ್ರವಾದ ದಾರಿಯೂ ಇಲ್ಲ. ಆದರೆ ಈಗಾಗಲೇ ಎಡವಿದವನ ಗತಿಯೇನು? ಆತ ವಿಷಯ ಮುಚ್ಚಿಟ್ಟು ಹೆಂಡತಿಯ ಬಳಿಗೆ ಮರಳಿದರೆ, ಆರನೆಯ ಕಟ್ಟಳೆಯ ಉಲ್ಲಂಘನೆಯ ಜೊತೆಗೆ ಜೀವವನ್ನು ಕಾಯಬೇಕೆನ್ನುವ ಐದನೆಯ ಕಟ್ಟಳೆಯ ಉಲ್ಲಂಘನೆಯೂ ಸೇರಿಕೊಳ್ಳುತ್ತದೆ. 2010ರಲ್ಲಿ ಅಂದಿನ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಜರ್ಮನ್ ಪತ್ರಕರ್ತರೊಬ್ಬರೊಡನೆ ನಡೆಸಿದ ದೀರ್ಘ ಸಂವಾದದಲ್ಲಿ, ವೇಶ್ಯಾವೃತ್ತಿಯಲ್ಲಿರುವವರ ಉದಾಹರಣೆ ನೀಡಿ, ಸೋಂಕು ತಡೆಯುವ ಉದ್ದೇಶದಿಂದ ಕಾಂಡೋಮ್ ಬಳಸುವುದು ಕೆಲವು ಸಂದರ್ಭಗಳಲ್ಲಿ ನೈತಿಕ ಹೊಣೆಗಾರಿಕೆಯತ್ತ ಮೊದಲ ಹೆಜ್ಜೆಯಾಗಬಹುದು ಎಂದಿದ್ದರು. ಅದೇ ನಿಜವಾದ ಪರಿಹಾರವಲ್ಲವೆಂದೂ ಅವರು ಸ್ಪಷ್ಟಪಡಿಸಿದ್ದರು. ತಪ್ಪು ಮಾಡಿದವನೂ ಮತ್ತೊಬ್ಬರ ಪ್ರಾಣಕ್ಕೆ ಹೊಣೆಗಾರನೆಂಬ ವಿಚಾರ ಇದರಲ್ಲಿದೆ ಎಂದು ನನ್ನ ಭಾವನೆ.

ಆದುದರಿಂದ ವೈದ್ಯಕೀಯ ಸತ್ಯಗಳನ್ನು ಮುಚ್ಚುಮರೆಯಿಲ್ಲದೆ ತಿಳಿದುಕೊಳ್ಳೋಣ. ಸೋಂಕಿತರನ್ನು ನೋಡಿದ ಮಾತ್ರಕ್ಕೆ ಗುರುತಿಸಲಾಗದು. ಅನೇಕ ವರ್ಷ ಯಾವ ಲಕ್ಷಣವೂ ಕಾಣಿಸದಿರಬಹುದು. ಪ್ರತಿ ಬಾರಿಯೂ ಸರಿಯಾಗಿ ಬಳಸಿದ ಕಾಂಡೋಮ್ ಎಚ್‌ಐವಿ ಮತ್ತು ಗೊನೋರಿಯಾ ಹರಡುವುದನ್ನು ಬಹುಮಟ್ಟಿಗೆ ತಡೆಯುತ್ತದೆ. ಚರ್ಮದ ಸ್ಪರ್ಶದಿಂದಲೂ ಅಂಟುವ ಸಿಫಿಲಿಸ್, ಎಚ್‌ಪಿವಿಗಳಿಗೆ ಅದರ ರಕ್ಷಣೆ ಕಡಿಮೆ. ಸಿಫಿಲಿಸ್ ಪೆನ್ಸಿಲಿನ್‌ನಿಂದ ಗುಣವಾಗುತ್ತದೆ; ಆದರೆ ಪತಿಪತ್ನಿಯರಿಬ್ಬರೂ ಪರೀಕ್ಷೆ ಮಾಡಿಸಿಕೊಂಡು ಚಿಕಿತ್ಸೆ ಪಡೆಯದಿದ್ದರೆ ರೋಗ ಮರಳಿ ಅಂಟಬಹುದು. ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿಗೆ ಲಸಿಕೆಯಿದೆ. ಅದನ್ನು 9ರಿಂದ 14ರ ವಯಸ್ಸಿನಲ್ಲೇ ಹೆಣ್ಣುಮಕ್ಕಳಿಗೆ ಕೊಡಿಸುವುದು ಉತ್ತಮ. ಲಸಿಕೆ ಕೊಡಿಸಿದರೆ ಮಗಳ ಶೀಲವನ್ನು ಶಂಕಿಸಿದಂತಾಗದು.

ಮದುವೆಗೆ ಮುನ್ನ ಜಾತಕ ನೋಡುವ ಪದ್ಧತಿ ನಮ್ಮಲ್ಲಿಲ್ಲ. ಮನೆತನ, ಉದ್ಯೋಗ, ಗುರುಗಳ ಪತ್ರ ಎಲ್ಲವನ್ನೂ ವಿಚಾರಿಸುತ್ತೇವೆ. ವಧೂವರರಿಬ್ಬರೂ ಒಪ್ಪಿ ರಕ್ತಪರೀಕ್ಷೆ ಮಾಡಿಸಿಕೊಂಡರೆ ತಪ್ಪೇನು? ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. 2017ರ ಕಾಯಿದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷೆ ನಡೆಸುವಂತಿಲ್ಲ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಅದು ಪರೀಕ್ಷೆಗೆ ಸಿಗದಿರಬಹುದಾದ್ದರಿಂದ ಸಂಶಯವಿದ್ದವರು ಮೂರು ತಿಂಗಳ ಬಳಿಕ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕು.

ಸೋಂಕು ದೃಢಪಟ್ಟರೂ ಬದುಕು ಮುಗಿಯಿತೆಂದಲ್ಲ. 2004ರಿಂದ ಸರ್ಕಾರ ಉಚಿತ ಔಷಧಿ ನೀಡುತ್ತಿದೆ. ಅದನ್ನು ತಪ್ಪದೆ ಸೇವಿಸಿ ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕಿಳಿದರೆ ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಂಭವ ಶೇಕಡಾ 15ರಿಂದ 45. ಚಿಕಿತ್ಸೆಯಿಂದ ಅದು ಶೇಕಡಾ 5ಕ್ಕಿಂತ ಕೆಳಗಿಳಿಯುತ್ತದೆ.

1985ರ ಕ್ರಿಸ್ಮಸ್ ಮುನ್ನಾದಿನ ಮದರ್ ತೆರೇಸಾ ನ್ಯೂಯಾರ್ಕಿನಲ್ಲಿ ಏಡ್ಸ್ ರೋಗಿಗಳಿಗಾಗಿ ಆಶ್ರಯಧಾಮ ತೆರೆದರು. ಎಲ್ಲರೂ ದೂರವಿಟ್ಟವರನ್ನು ಹತ್ತಿರ ಕರೆದ ಆ ಕರುಣೆಯನ್ನು ನಾವು ಕೊಂಡಾಡುತ್ತೇವೆ. ರೋಗಿಯ ಶುಶ್ರೂಷೆ ಪುಣ್ಯಕಾರ್ಯವಾದರೆ, ರೋಗ ಬಾರದಂತೆ ಎಚ್ಚರಿಸುವುದೂ ಪುಣ್ಯಕಾರ್ಯವೇ. ಓದಿಗೆ, ದುಡಿಮೆಗೆ ಬೆಂಗಳೂರಿಗೋ ಮುಂಬಯಿಗೋ ಕೊಲ್ಲಿ ರಾಷ್ಟ್ರಗಳಿಗೋ ಹೊರಟ ಮಗನ ಕೈಗೆ ಜಪಸರ ಕೊಟ್ಟು ಕಳುಹಿಸುವ ತಂದೆತಾಯಿಯರೇ, ಅದರೊಂದಿಗೆ ಈ ನಾಲ್ಕು ಮಾತುಗಳನ್ನೂ ಹೇಳಿ ಕಳುಹಿಸಿ. ನೀವು ಹೇಳದಿದ್ದರೆ ಅವನು ಮೊಬೈಲಿನಿಂದ ಅರೆಬರೆ ಕಲಿಯುತ್ತಾನೆ. ಅದರ ಬೆಲೆಯನ್ನು ನಾಳೆ ಅವನ ಕೈಹಿಡಿದು ಬರುವ ಹೆಣ್ಣುಮಗಳು ತೆರಬೇಕಾದೀತು.