ಕಂಬದ ಮೇಲಿನ ಪೆಟ್ಟಿಗೆಗೆ ಕನ್ನಡ ಬೇಡವೇ?

ಕನ್ನಡಿಗರೇ,

ನಿಮ್ಮ ಊರಿನ ವೃತ್ತದಲ್ಲಿ, ಬಸ್ ನಿಲ್ದಾಣದಲ್ಲಿ, ಸಂತೆ ಬೀದಿಯ ಬಾಯಲ್ಲಿ ಇಂದು ಕ್ಯಾಮೆರಾ ಇದೆ. ಅದು ನಿಮ್ಮನ್ನು ನೋಡುತ್ತದೆ. ನೀವೂ ತಲೆಯೆತ್ತಿ ಅದನ್ನು ನೋಡಿದ್ದೀರಿ. ಆದರೆ ಅದೇ ಕಂಬದಲ್ಲಿ, ಕ್ಯಾಮೆರಾದಿಂದ ನಾಲ್ಕು ಮೊಳ ಕೆಳಗೆ, ಬೂದು ಬಣ್ಣದ ತಗಡಿನ ಪೆಟ್ಟಿಗೆಯೊಂದು ನೇತುಬಿದ್ದಿದೆಯಲ್ಲ, ಅದನ್ನು ನೋಡಿದ್ದೀರಾ? ಅದರೊಳಗೆ ಅಂಗೈ ಅಗಲದ ಒಂದು ಯಂತ್ರ ಕೂತಿದೆ. ಅದರ ಹೆಸರು ಈಥರ್‌ನೆಟ್ ಸ್ವಿಚ್. ಕ್ಯಾಮೆರಾ ಕಣ್ಣಾದರೆ ಇದು ಕಣ್ಣಿನ ನರ. ನರ ಸತ್ತರೆ ಕಣ್ಣು ಬರೀ ಗಾಜಿನ ಗೋಲಿ!

ಉದ್ಘಾಟನೆಗೆ ಬರುವ ಮಂತ್ರಿಗಳು ಕ್ಯಾಮೆರಾ ಎಣಿಸುತ್ತಾರೆ. ಪತ್ರಿಕೆಗಳೂ ಕ್ಯಾಮೆರಾ ಎಣಿಸುತ್ತವೆ. ನಿರ್ಭಯಾ ನಿಧಿಯ ಹಣದ ಬೆಂಗಳೂರು ಸೇಫ್ ಸಿಟಿ ಯೋಜನೆಯೊಂದರಲ್ಲೇ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾ. 2017ರ ಸಾರ್ವಜನಿಕ ಸುರಕ್ಷತಾ ಕಾಯಿದೆ ಬಂದ ಮೇಲೆ, ಜನ ಸೇರುವ ಅಂಗಡಿ, ಆಸ್ಪತ್ರೆ, ಕಾಲೇಜುಗಳೂ ಕ್ಯಾಮೆರಾ ಹಾಕಿಸಿ 30 ದಿನದ ಚಿತ್ರ ಕಾಪಾಡಬೇಕು. ಸರಿ, ಹಾಕಿಸಲಿ. ಆದರೆ ಆ ಪೆಟ್ಟಿಗೆಯನ್ನು ಎಣಿಸಿದವರು ಯಾರು? ಅದರ ಕೈಪಿಡಿ ಯಾವ ಭಾಷೆಯಲ್ಲಿದೆ ಎಂದು ಕೇಳಿದವರು ಯಾರು? ಕಂಬ ಹತ್ತಿ ಅದಕ್ಕೆ ಕೈ ಹಾಕುವ ಹುಡುಗ ನಮ್ಮವನು. ಅದರಲ್ಲಿ ಹರಿಯುವ ಮುಖಗಳು ನಮ್ಮವು. ಅದಕ್ಕೆ ಸುರಿದ ತೆರಿಗೆ ಹಣ ನಮ್ಮದು. ಕನ್ನಡ ಮಾತ್ರ ಅದರ ಮೇಲೆ ಒಂದಕ್ಷರವೂ ಇಲ್ಲ!

ತಾಮ್ರಕ್ಕೆ ನೂರು ಮೀಟರ್, ಗಾಜಿಗೆ ಹತ್ತು ಕಿಲೋಮೀಟರ್

ಈ ಪೆಟ್ಟಿಗೆ ಮಾಡುವ ಕೆಲಸ ಏನು? ಕ್ಯಾಮೆರಾದಿಂದ ಇಳಿಯುವುದು ತಾಮ್ರದ ತಂತಿ. ಈಥರ್‌ನೆಟ್ಟಿನ ತಾಮ್ರದ ತಂತಿಗೆ ಒಂದು ಗಡಿ ಉಂಟು. 100 ಮೀಟರ್ ದಾಟಿದರೆ ಅದರ ಮೇಲೆ ಭರವಸೆ ಇಡುವಂತಿಲ್ಲ. ನಿಮ್ಮ ವೃತ್ತದಿಂದ ಪೊಲೀಸ್ ಠಾಣೆ ನೂರು ಮೀಟರಿನೊಳಗೆ ಇದೆಯೇ? ಇಲ್ಲ. ಅಲ್ಲಿಂದ ಮುಂದಕ್ಕೆ ಬೇಕಾಗುವುದು ಆಪ್ಟಿಕಲ್ ಫೈಬರ್, ಅಂದರೆ ಗಾಜಿನ ಎಳೆ. ಅದರಲ್ಲಿ ವಿದ್ಯುತ್ತಿನ ಬದಲು ಬೆಳಕು ಓಡುತ್ತದೆ. ಸಾಮಾನ್ಯ ದರ್ಜೆಯ ಮಾಡ್ಯೂಲ್ ಹಾಕಿದರೂ 10 ಕಿಲೋಮೀಟರ್ ಸಲೀಸು.

ಈ ಪುಟ್ಟ ಸ್ವಿಚ್ಚಿನ ಒಂದು ಪಕ್ಕದಲ್ಲಿ ನಾಲ್ಕೋ ಎಂಟೋ ತಾಮ್ರದ ಕಿಂಡಿಗಳು, ಇನ್ನೊಂದು ಪಕ್ಕದಲ್ಲಿ ಒಂದೆರಡು ಗಾಜಿನ ಎಳೆಯ ಕಿಂಡಿಗಳು. ಎಂಟು ಕ್ಯಾಮೆರಾಗಳ ಮಾತನ್ನು ಒಟ್ಟುಗೂಡಿಸಿ, ವಿದ್ಯುತ್ತಿನ ಮಾತನ್ನು ಬೆಳಕಿನ ಮಾತಾಗಿಸಿ ಠಾಣೆಗೆ ಕಳಿಸುತ್ತದೆ. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಕಳಿಸಿದರೆ ದಿನಕ್ಕೆ 43 ಗಿಗಾಬೈಟ್, 30 ದಿನಕ್ಕೆ ಸುಮಾರು 1,300 ಗಿಗಾಬೈಟ್. ಇಷ್ಟೂ ಈ ಪೆಟ್ಟಿಗೆಯ ಬಾಯಿಂದಲೇ ಹೋಗಬೇಕು. ಗಾಜಿನ ಎಳೆಗೆ ಇನ್ನೊಂದು ಗುಣವೂ ಇದೆ. ಅದು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಒಂದು ಕಂಬಕ್ಕೆ ಬಡಿದ ಸಿಡಿಲು ಆ ಎಳೆಯ ಮೂಲಕ ಠಾಣೆಯ ಯಂತ್ರಗಳಿಗೆ ಹಬ್ಬಲಾರದು. ತಾಮ್ರವನ್ನು ಉದ್ದಕ್ಕೆ ಎಳೆದವನು ಸಿಡಿಲಿಗೆ ದಾರಿ ಹಾಕಿಕೊಟ್ಟ ಹಾಗೆ.

ನೋಡಿದಿರಾ? ಇಷ್ಟನ್ನು ಕನ್ನಡದಲ್ಲಿ ಹೇಳಲು ಎರಡು ಪ್ಯಾರಾ ಸಾಕಾಯಿತು. ಪೆಟ್ಟಿಗೆ ಮಾರುವ ಕಂಪನಿಗಳಿಗೆ ಮಾತ್ರ ಸಾಧ್ಯವಾಗುವುದಿಲ್ಲವಂತೆ!

ಹಗಲು ಕಣ್ಣು, ರಾತ್ರಿ ಕುರುಡು

ಈಗ ಅಸಲಿ ವಿಷಯಕ್ಕೆ ಬನ್ನಿ. ಈ ಸ್ವಿಚ್ಚುಗಳಲ್ಲಿ ಬಹಳಷ್ಟು ಕ್ಯಾಮೆರಾಕ್ಕೆ ವಿದ್ಯುತ್ತನ್ನೂ ಅದೇ ತಂತಿಯಲ್ಲಿ ಕೊಡುತ್ತವೆ. 2003ರ ಮಾನದಂಡದ ಪ್ರಕಾರ ಒಂದು ಕಿಂಡಿಯಿಂದ 15.4 ವ್ಯಾಟ್ ತನಕ, 2009ರದರ ಪ್ರಕಾರ 30 ವ್ಯಾಟ್ ತನಕ. ಬಹಳ ಚೆಂದ. ಆದರೆ ಎಲ್ಲ ಕಿಂಡಿಗಳೂ ಸೇರಿ ಪೆಟ್ಟಿಗೆ ಒಟ್ಟು ಎಷ್ಟು ಕೊಡಬಲ್ಲದು ಎಂಬ ಲೆಕ್ಕವೇ ಬೇರೆ. ಅದು ಇಂಗ್ಲಿಷ್ ಕೈಪಿಡಿಯ ಯಾವುದೋ ಮೂಲೆಯಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿರುತ್ತದೆ.

ಎಂಟು ಕಿಂಡಿಯ ಪೆಟ್ಟಿಗೆ, ಒಟ್ಟು 65 ವ್ಯಾಟ್ ಎಂದಿಟ್ಟುಕೊಳ್ಳಿ. ಹಗಲಿನಲ್ಲಿ ಒಂದು ಕ್ಯಾಮೆರಾ 5 ವ್ಯಾಟ್ ತಿಂದರೆ ಎಂಟಕ್ಕೆ 40. ಏನೂ ತೊಂದರೆಯಿಲ್ಲ. ಗುತ್ತಿಗೆದಾರ ಮಧ್ಯಾಹ್ನ ಚಾಲೂ ಮಾಡಿ ತೋರಿಸುತ್ತಾನೆ, ಅಧಿಕಾರಿ ರುಜು ಹಾಕುತ್ತಾನೆ, ಬಿಲ್ಲು ಪಾಸಾಗುತ್ತದೆ. ಕತ್ತಲಾಯಿತು. ಕತ್ತಲಲ್ಲಿ ನೋಡುವ ಅತಿಗೆಂಪು ದೀಪಗಳು ಹೊತ್ತಿಕೊಂಡು ಒಂದೊಂದು ಕ್ಯಾಮೆರಾ 10 ವ್ಯಾಟ್ ಕೇಳಿತು. ಎಂಟಕ್ಕೆ 80. ಪೆಟ್ಟಿಗೆಯಲ್ಲಿರುವುದು 65! ಪೆಟ್ಟಿಗೆ ಏನು ಮಾಡುತ್ತದೆ? ಕೊನೆಯ ಒಂದೆರಡು ಕಿಂಡಿಗಳ ವಿದ್ಯುತ್ ಕಡಿದು ತಾನು ಉಳಿದುಕೊಳ್ಳುತ್ತದೆ. ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ಬಸ್ಸಿಳಿದು ನಡೆಯುವ ನಮ್ಮ ಹೆಣ್ಣುಮಗಳ ಮೇಲೆ ಯಾವ ಕಣ್ಣು ಇರಬೇಕಿತ್ತೋ ಅದೇ ಕಣ್ಣು ಆ ಹೊತ್ತಿಗೇ ಮುಚ್ಚುತ್ತದೆ. ಮರುದಿನ ಬೆಳಿಗ್ಗೆ ಎಲ್ಲವೂ ಸರಿ. ದೂರು ಕೊಟ್ಟರೆ ಕ್ಯಾಮೆರಾ ಚೆನ್ನಾಗಿಯೇ ಇದೆಯಲ್ಲ ಎಂಬ ಉತ್ತರ!

ಬಿಸಿಲಿನದೂ ಇದೇ ಕಥೆ. ಮನೆ, ಕಚೇರಿಗೆಂದು ಮಾಡಿದ ಅಗ್ಗದ ಸ್ವಿಚ್ಚುಗಳು ಸಾಮಾನ್ಯವಾಗಿ 40 ಡಿಗ್ರಿ ತನಕದ ಸೆಕೆಗೆ ಮಾತ್ರ. ರಾಯಚೂರಿನಲ್ಲಿ, ಕಲಬುರಗಿಯಲ್ಲಿ ಏಪ್ರಿಲ್ ತಿಂಗಳ ನೆರಳಿನಲ್ಲೇ 40 ದಾಟುತ್ತದೆ. ಬಿಸಿಲಿಗೆ ಕಾದ ತಗಡಿನ ಪೆಟ್ಟಿಗೆಯೊಳಗೆ ಎಷ್ಟಿದ್ದೀತು, ನೀವೇ ಊಹಿಸಿ. 75 ಡಿಗ್ರಿ ತಾಳುವ ಕೈಗಾರಿಕಾ ದರ್ಜೆಯ ಸ್ವಿಚ್ಚುಗಳು ಮಾರುಕಟ್ಟೆಯಲ್ಲಿ ಇವೆ. ಬೆಲೆ ಹೆಚ್ಚು. ಟೆಂಡರಿನಲ್ಲಿ ಕಡಿಮೆ ಬೆಲೆಯವನೇ ಗೆಲ್ಲುವಾಗ ಯಾವುದು ಕಂಬ ಹತ್ತುತ್ತದೆ ಎಂದು ಬಿಡಿಸಿ ಹೇಳಬೇಕೇ?

ಕಾಣದ ಬೆಳಕು, ಓದಲಾಗದ ಎಚ್ಚರಿಕೆ

ಕಂಬ ಹತ್ತುವ ಹುಡುಗ ಯಾರು? ಹಾವೇರಿಯ, ಯಾದಗಿರಿಯ, ಚಾಮರಾಜನಗರದ ಐಟಿಐ ಓದಿದ ಹುಡುಗ. ಕೆಲಸದ ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿಲ್ಲ. ಅವನ ಕೈಗೆ ಕೊಡುವುದೇನು? ಮಡಚಿದ ಒಂದು ಕಾಗದ. ಅದರಲ್ಲಿ ಇಂಗ್ಲಿಷ್, ಒಮ್ಮೊಮ್ಮೆ ಚೀನೀ ಭಾಷೆ.

ಆ ಕಾಗದದಲ್ಲಿ ಏನಿದೆ ಗೊತ್ತೇ? ಗಾಜಿನ ಎಳೆಯ ತುದಿಯನ್ನು ಕಣ್ಣಿಗೆ ನೇರ ಹಿಡಿದು ನೋಡಬೇಡ ಎಂಬ ಎಚ್ಚರಿಕೆ ಇದೆ. ಅದರಲ್ಲಿ ಓಡುವ ಲೇಸರ್ ಬೆಳಕು ಬರಿಗಣ್ಣಿಗೆ ಕಾಣುವಂಥದ್ದಲ್ಲ. ಕಾಣದ್ದರಿಂದಲೇ ಅಪಾಯ. ಇನ್ನೂ ಇದೆ. ಒಂದೇ ಎಳೆಯಲ್ಲಿ ಹೋಗಿ ಬರುವ ಮಾಡ್ಯೂಲುಗಳು ಗಂಡ ಹೆಂಡಿರಂತೆ ಜೋಡಿ. ಈ ತುದಿಯದು 1310 ನ್ಯಾನೋಮೀಟರಿನಲ್ಲಿ ಕಳಿಸಿ 1550ರಲ್ಲಿ ಪಡೆದರೆ ಆ ತುದಿಯದು ತಿರುವುಮುರುವಾಗಿರಬೇಕು. ಎರಡೂ ತುದಿಗೆ ಒಂದೇ ಬಗೆಯದನ್ನು ಸಿಕ್ಕಿಸಿದರೆ ದೀಪವೇ ಹತ್ತುವುದಿಲ್ಲ. ಬೆಳಕು ಓಡುವ ಗಾಜಿನ ತಿರುಳು ಸುಮಾರು 9 ಮೈಕ್ರೋಮೀಟರ್, ತಲೆಗೂದಲಿಗಿಂತ ಎಷ್ಟೋ ಸಣ್ಣದು. ಒರೆಸದೆ ಸಿಕ್ಕಿಸಿದರೆ ಒಂದು ಕಣ ಧೂಳು ಇಡೀ ವೃತ್ತವನ್ನು ಕುರುಡು ಮಾಡಬಲ್ಲದು.

ಈ ನಾಲ್ಕು ಮಾತನ್ನು ಕನ್ನಡದಲ್ಲಿ ಅಚ್ಚು ಹಾಕಲು ಎಷ್ಟು ಖರ್ಚು? ಒಂದು ಹಾಳೆ. ಆ ಒಂದು ಹಾಳೆಯನ್ನು ಕೊಡದೆ, ಹುಡುಗ ಮೂರು ಸಲ ಕಂಬ ಹತ್ತಿ ಇಳಿದ ಮೇಲೆ ಲೋಕಲ್ ಹುಡುಗರಿಗೆ ಸ್ಕಿಲ್ ಇಲ್ಲ ಎಂದು ಹೊರಗಿನಿಂದ ಜನ ಕರೆಸುತ್ತಾರೆ. ಕೈ ಕಟ್ಟಿಹಾಕಿ ಈಜು ಬರುವುದಿಲ್ಲ ಎಂದು ಹಂಗಿಸುವ ರೀತಿ ಇದು!

ಬಾಗಿಲಿಗೆ ಬೀಗ ಇಲ್ಲದ ಮನೆ

2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಜಗತ್ತನ್ನೇ ನಡುಗಿಸಿತು. ಅದು ಹಿಡಿದುಕೊಂಡದ್ದು ಕ್ಯಾಮೆರಾ, ರೆಕಾರ್ಡರ್, ರೂಟರುಗಳಂಥ ಯಂತ್ರಗಳನ್ನು. ಹೇಗೆ ಹಿಡಿಯಿತು? ಕಾರ್ಖಾನೆಯಲ್ಲಿ ಇಟ್ಟ ಗುಪ್ತಪದವನ್ನು ಯಾರೂ ಬದಲಿಸಿರಲಿಲ್ಲ. ಆ ಯಂತ್ರಗಳ ಸೈನ್ಯದ ದಾಳಿಗೆ ಅದೇ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ದೊಡ್ಡ ದೊಡ್ಡ ತಾಣಗಳು ಗಂಟೆಗಟ್ಟಲೆ ಮಲಗಿದವು.

ನಮ್ಮ ಸರ್ಕಾರಕ್ಕೂ ಎಚ್ಚರವಾಗಿದೆ ಎನ್ನಿ. ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯವೆಂದು ಕೇಂದ್ರ 2024ರಲ್ಲಿ ಆದೇಶ ಮಾಡಿತು, 2025ರ ಏಪ್ರಿಲ್‌ನಿಂದ ಜಾರಿಗೆ ಬಂತು. ಒಳ್ಳೆಯದೇ. ಆದರೆ ಪರೀಕ್ಷೆ ಪಾಸಾದ ಕ್ಯಾಮೆರಾವನ್ನು ಬೀಗವಿಲ್ಲದ ಪೆಟ್ಟಿಗೆಗೆ ಸಿಕ್ಕಿಸಿದರೆ ಏನು ಬಂತು? ಖಾಲಿ ಕಿಂಡಿಗಳನ್ನು ಮುಚ್ಚದಿದ್ದರೆ ಯಾವನೋ ಒಬ್ಬ ತಗಡಿನ ಬಾಗಿಲು ತೆಗೆದು ತನ್ನ ಲ್ಯಾಪ್‌ಟಾಪ್ ಸಿಕ್ಕಿಸಿ ಒಳಗೆ ಇಣುಕಬಹುದು. ಗುಪ್ತಪದ ಬದಲಿಸು, ಬಳಸದ ಕಿಂಡಿ ಮುಚ್ಚು, ಪೆಟ್ಟಿಗೆಗೆ ಬೀಗ ಹಾಕು: ಮೂರೇ ಮಾತು. ಅದೂ ಇಂಗ್ಲಿಷ್ ಕೈಪಿಡಿಯಲ್ಲೇ ಉಳಿದಿದೆ.

ಕನ್ನಡದಲ್ಲಿ ಆಗುವುದಿಲ್ಲ ಎಂಬ ಹಳೇ ರಾಗ

ಕೇಳಿದರೆ ಅಧಿಕಾರಿ ಮಹಾಶಯರು ಹೇಳುವುದೇನು? ತಾಂತ್ರಿಕ ಪದಗಳಿಗೆ ಕನ್ನಡದಲ್ಲಿ ಶಬ್ದವಿಲ್ಲವಂತೆ! ಸ್ವಾಮಿ, ಸ್ವಿಚ್ ಎನ್ನಿ, ಪೋರ್ಟ್ ಎನ್ನಿ, ಫೈಬರ್ ಎನ್ನಿ. ನಾವೇನು ಬೇಡ ಎಂದೆವೇ? ನಮ್ಮ ರೈತ ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಂದೆ ನಿಂತು ಫೇಸ್ ಬಂದಿಲ್ಲ, ಫ್ಯೂಸ್ ಹೋಗಿದೆ, ಅರ್ಥಿಂಗ್ ಸರಿಯಿಲ್ಲ ಎನ್ನುತ್ತಾನೆ. ಪದ ಎಲ್ಲಿಂದ ಬಂದರೇನು, ವಾಕ್ಯ ಕನ್ನಡದ್ದು. ಕೀಟನಾಶಕದ ಡಬ್ಬಿಯ ಚೀಟಿಯಲ್ಲಿ ಕನ್ನಡ ಇರಬಹುದಾದರೆ ಕ್ಯಾಮೆರಾ ಪೆಟ್ಟಿಗೆಯ ಚೀಟಿಯಲ್ಲಿ ಏಕಿರಬಾರದು?

ಈ ನೆಲಕ್ಕೆ ತಂತಿ, ದೂರವಾಣಿ ಹೊಸದೂ ಅಲ್ಲ. ಸ್ವತಂತ್ರ ಭಾರತದ ದೂರವಾಣಿ ಯಂತ್ರಗಳ ಕಾರ್ಖಾನೆ ಐಟಿಐ 1948ರಲ್ಲಿ ಎದ್ದು ನಿಂತದ್ದು ಬೆಂಗಳೂರಿನಲ್ಲಿ. ನಮ್ಮ ದೇಶದಲ್ಲೇ ರೂಪಿಸಿದ ಸಿ-ಡಾಟ್ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರ 1986ರಲ್ಲಿ ಮೊದಲು ಉಸಿರಾಡಿದ್ದು ಚೆನ್ನಮ್ಮನ ಕಿತ್ತೂರಿನಲ್ಲಿ. ಅಂಥ ನಾಡಿನ ಮಕ್ಕಳಿಗೆ ಅಂಗೈ ಅಗಲದ ಪೆಟ್ಟಿಗೆ ಅರ್ಥವಾಗುವುದಿಲ್ಲ ಎಂದರೆ ಅದು ಅವಮಾನವಲ್ಲದೆ ಇನ್ನೇನು?

ಕಾಯಿದೆಯೂ ಇದೆ, ಕಿಂಡಿಯೂ ಇದೆ

2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2024ರಲ್ಲಿ ಜಾರಿಗೆ ಬಂತು. ರಾಜ್ಯದಲ್ಲಿ ತಯಾರಾಗುವ ಸರಕಿನ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ಅದು ಹೇಳುತ್ತದೆ. ಗಮನಿಸಿ: ರಾಜ್ಯದಲ್ಲಿ ತಯಾರಾಗುವ ಸರಕು! ಚೀನಾದಿಂದ, ತೈವಾನಿನಿಂದ, ಪಕ್ಕದ ರಾಜ್ಯದಿಂದ ಬಂದ ಪೆಟ್ಟಿಗೆ ಈ ಕಿಂಡಿಯಲ್ಲಿ ಜಾರಿಕೊಳ್ಳುತ್ತದೆ. ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ. ಕೊಳ್ಳುವವನು ಸರ್ಕಾರ. ಟೆಂಡರ್ ಬರೆಯುವವನೂ ಸರ್ಕಾರ. ಕನ್ನಡ ಕೈಪಿಡಿ ಇಲ್ಲದ ಪೆಟ್ಟಿಗೆಗೆ ಬಿಲ್ಲಿಲ್ಲ ಎಂದು ಒಂದು ಸಾಲು ಸೇರಿಸಿದರೆ ಮುಗಿಯಿತು. ಹಣ ಕೊಡುವವನ ಭಾಷೆ ಕಲಿಯದ ವ್ಯಾಪಾರಿ ಯಾವ ಸಂತೆಯಲ್ಲೂ ಇಲ್ಲ.

ಇನ್ನು ನೋಡಿಸಿಕೊಳ್ಳುವ ನಮ್ಮ ಪಾಡು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ, ಒಪ್ಪಿಗೆ ಕೇಳುವ ಸೂಚನೆಯನ್ನು ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆ ಜನರಿಗಿದೆ. ಕನ್ನಡವೂ ಅದರಲ್ಲಿ ಸೇರಿದೆ. ಆದರೆ ಬೀದಿಯ ಕ್ಯಾಮೆರಾ ಒಪ್ಪಿಗೆಯನ್ನೇ ಕೇಳುವುದಿಲ್ಲವಲ್ಲ! ಕೇಳದಿದ್ದರೆ ಹೋಗಲಿ, ನೋಡುತ್ತಿರುವವನು ಯಾರು ಎಂದಾದರೂ ನಮ್ಮ ನುಡಿಯಲ್ಲಿ ಹೇಳಬೇಡವೇ?

ನಮ್ಮ ಕೇಳಿಕೆ

ಒಂದು: ಸರ್ಕಾರಿ ಹಣದಲ್ಲಿ ಕಂಬ ಹತ್ತುವ ಪ್ರತಿ ಸ್ವಿಚ್ಚಿನ ಜೊತೆ ಕನ್ನಡದಲ್ಲಿ ಕೈಪಿಡಿ ಇರಬೇಕು. ಪೆಟ್ಟಿಗೆಯ ಬಾಗಿಲ ಒಳಬದಿಯಲ್ಲಿ ಎಚ್ಚರಿಕೆಯ ಹಾಳೆ ಅಂಟಿಸಿರಬೇಕು.

ಎರಡು: ಒಟ್ಟು ಎಷ್ಟು ವ್ಯಾಟ್, ಎಷ್ಟು ಡಿಗ್ರಿ ತಾಳುತ್ತದೆ ಎಂಬುದು ಆ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿರಬೇಕು. ಬಿಲ್ಲಿಗೆ ರುಜು ಹಾಕುವ ಮೊದಲು ರಾತ್ರಿ ಹೊತ್ತು ಪರೀಕ್ಷೆ ನಡೆಯಬೇಕು.

ಮೂರು: ಐಟಿಐ ಮತ್ತು ಡಿಪ್ಲೊಮಾ ಹುಡುಗರಿಗೆ ಫೈಬರ್ ಜೋಡಣೆಯ ತರಬೇತಿ ಕನ್ನಡದಲ್ಲಿ ಸಿಗಬೇಕು. ನಿರ್ವಹಣೆಯ ಕೆಲಸದಲ್ಲಿ ಅವರಿಗೆ ಮೊದಲ ಹಕ್ಕು.

ನಾಲ್ಕು: ಪ್ರತಿ ಕಂಬಕ್ಕೂ ಕನ್ನಡ ಫಲಕ ಬೇಕು. ಯಾರ ಕ್ಯಾಮೆರಾ, ಎಷ್ಟು ದಿನ ಚಿತ್ರ ಇಡುತ್ತಾರೆ, ಕೆಟ್ಟರೆ ಯಾರಿಗೆ ಹೇಳಬೇಕು, ಮೂರೂ ಅದರಲ್ಲಿರಲಿ.

ಓದುಗರೇ, ಇದನ್ನು ಓದಿ ಮಡಚಿಟ್ಟು ಮಲಗಬೇಡಿ. ನಾಳೆ ಬೆಳಿಗ್ಗೆ ನಿಮ್ಮ ವೃತ್ತದ ಪೆಟ್ಟಿಗೆಯ ಕೆಳಗೆ ನಿಂತು ನೋಡಿ. ಬೀಗ ಇದೆಯೇ? ಕನ್ನಡ ಇದೆಯೇ? ಇಲ್ಲದಿದ್ದರೆ ನಗರಸಭೆಗೆ, ಪುರಸಭೆಗೆ, ಠಾಣೆಗೆ ಕನ್ನಡದಲ್ಲೇ ಅರ್ಜಿ ಬರೆಯಿರಿ. ಟೆಂಡರಿನ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಪೆಟ್ಟಿಗೆಗೆ ಮಾತ್ರ ಕೈ ಹಾಕಬೇಡಿ, ತಂತಿ ಮುಟ್ಟಬೇಡಿ. ನಮ್ಮ ಜಗಳ ಯಂತ್ರದ ಜೊತೆಗಲ್ಲ, ಅದನ್ನು ಮೂಕವಾಗಿ ತಂದು ಕಂಬಕ್ಕೆ ನೇತುಹಾಕಿದವರ ಜೊತೆ. ಅರ್ಜಿಗೆ ಉತ್ತರ ಬಾರದಿದ್ದರೆ ಹತ್ತು ಜನ ಕೂಡಿ ಕಚೇರಿಯ ಬಾಗಿಲಿಗೆ ಹೋಗಿ. ಕೇಳದೆ ಇದ್ದರೆ ಹೆತ್ತ ತಾಯಿಯೂ ಹಾಲೂಡಿಸುವುದಿಲ್ಲ. ಇನ್ನು ಟೆಂಡರ್ ಬರೆಯುವವನು ಕೊಟ್ಟಾನೆಯೇ?