ಹಾಲಿನಂಥ ಔಷಧಿ, ಹಾಲಲ್ಲ!

ಮಂಡಕ್ಕಿ-ಮಿರ್ಚಿ ತಿಂದು ಎದೆ ಉರಿದರೆ ಹರಪನಹಳ್ಳಿ ಮೆಡಿಕಲ್ ಶಾಪಿನಲ್ಲಿ ಕೇಳುವ ಮಾತು: ‘ಆ ಬಿಳೀ ಔಷಧಿ ಕೊಡ್ರಿ’. ಅದೇ ಮಿಲ್ಕ್ ಆಫ್ ಮೆಗ್ನೀಶಿಯಾ. ದೊಡ್ಡವರಿಗೆ 5ರಿಂದ 15 ಮಿ.ಲೀ. ಆದರೆ ಎದೆಯುರಿಗೆ ಮದ್ದು; 30 ಮಿ.ಲೀ. ಮುಟ್ಟಿದರೆ ಭೇದಿ ಔಷಧಿ! ಅಳೆಯದೆ ಬಾಟಲಿ ಎತ್ತಿ ಬಸ್ ಹತ್ತಿದವನ ಪಾಡು ದೇವರಿಗೇ ಪ್ರೀತಿ.

ನಗುವ ಮಾತು ಅಷ್ಟಕ್ಕೇ ಸಾಕು. ಕಿಡ್ನಿ ಕೆಟ್ಟವರಲ್ಲಿ ಮೆಗ್ನೀಶಿಯಂ ಹೊರಹೋಗದೆ ರಕ್ತದಲ್ಲೇ ಉಳಿದು ಜೀವಕ್ಕೇ ಕುತ್ತು. ಹೊಟ್ಟೆನೋವು, ವಾಂತಿ ಇದ್ದಾಗಲಂತೂ ಕುಡಿಯಲೇಬಾರದು. ಅಪೆಂಡಿಕ್ಸ್ ಇದ್ದರೆ ಒಡೆದೀತು. ವಾರ ಕಳೆದರೂ ಬಾಟಲಿ ಬೇಕೆನಿಸಿದರೆ ಡಾಕ್ಟರಿಗೇ ತೋರಿಸಬೇಕು.

ಬಾಟಲಿ ಕೊಡುವ ಮುನ್ನ ಅಂಗಡಿಯವರು ‘ಕಿಡ್ನಿ ತೊಂದ್ರೆ ಐತೇನ್ರೀ?’ ಅಂತ ಒಂದು ಮಾತು ಕೇಳಲಿ. ಕೇಳೋದಕ್ಕೇನು ಕಾಸು ಬೀಳೋದಿಲ್ಲ.