ನಮ್ಮ ಸುತ್ತಮುತ್ತ: ನೆಟ್ಟಗಿನ ಗೋಪುರ, ಬಾಗಿದ ಗೋಪುರ

ಊರಿನಿಂದ ಬಂದ ನೆಂಟರಿಗೆ ನಾವು ಮೊದಲು ತೋರಿಸುವುದು ದುಬೈಯ ಬುರ್ಜ್ ಖಲೀಫಾವನ್ನೇ. 2010ರಲ್ಲಿ ತೆರೆದ ಈ ಗೋಪುರದ ಎತ್ತರ 828 ಮೀಟರ್. ನಡುವೆ ಆರು ಮೂಲೆಯ ಕಾಂಕ್ರೀಟ್ ಕಾಂಡ. ಅದಕ್ಕೆ ಮೂರು ಕಡೆಯಿಂದ ಮೂರು ರೆಕ್ಕೆಗಳ ಆಸರೆ. ಗಾಳಿ ಎತ್ತ ಬೀಸಿದರೂ ಒಂದನ್ನೊಂದು ಹಿಡಿದು ನಿಲ್ಲುತ್ತವೆ.

ಅಬುಧಾಬಿಯ ಕ್ಯಾಪಿಟಲ್ ಗೇಟ್ ಬರೀ 160 ಮೀಟರ್. ಆದರೆ ಕಡಲ ಕರೆಯ ತೆಂಗಿನಂತೆ 18 ಡಿಗ್ರಿ ಬಾಗಿದೆ! ಅದರ ಕಾಂಡವನ್ನು ಎದುರು ದಿಕ್ಕಿಗೆ ತುಸು ವಾಲಿಸಿ ಕಟ್ಟಿದರು. ಮಹಡಿಗಳ ಭಾರ ಏರಿದಂತೆ ಅದು ನೆಟ್ಟಗಾಯಿತು.

ಬುರ್ಜ್‌ನ ಅಡಿಯಲ್ಲಿ ದಪ್ಪನೆಯ 192 ಕಂಬಗಳಿವೆ. ಇದಕ್ಕೆ, ಸಣ್ಣವಾದರೂ, 490 ಬೇಕಾದವು. ಮಣ್ಣಿನಡಿಯ ಆ ಕಂಬಗಳಂತೆ, ಗೋಪುರ ಕಟ್ಟಿದ ನಮ್ಮ ದೇಶದ ಕೂಲಿಕಾರರೂ ಈಗ ಕಾಣಿಸುವುದಿಲ್ಲ. ಮಕ್ಕಳಿಗೆ ಎತ್ತರ ತೋರಿಸುವಾಗ ಇದನ್ನೂ ಹೇಳೋಣ.